ಮಣ್ಣುದಾರಿಯ ಸುಖವೂ ಅದರ ಋಣವೂ

ಇತರರ ಕೊರತೆಯಿಂದ ಹುಟ್ಟಿದ ಸುಖವನ್ನು ನಾವು ನಿರ್ದೋಷವಾಗಿ ಅನುಭವಿಸಬಹುದೆ? ಈ ಪ್ರಶ್ನೆಯನ್ನು ನಾನು ಧರ್ಮಶಾಸ್ತ್ರದ ಗ್ರಂಥಗಳಿಂದ ಎತ್ತಿಕೊಂಡದ್ದಲ್ಲ. ವಂಡ್ಸೆಯಿಂದ ಮೂಡಣಕ್ಕೆ, ಚಕ್ರಾ ನದಿಯ ಬಯಲಿನ ಒಂದು ಮುರಕಲ್ಲಿನ ದಾರಿಯಲ್ಲಿ ಬೈಸಿಕಲ್ಲು ತುಳಿಯುತ್ತಿದ್ದಾಗ ಅದು ನನಗೆ ತಾನಾಗಿ ಎದುರಾಯಿತು. ಅಂದಿನಿಂದ ಇಂದಿನವರೆಗೆ ಅದು ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮ ಸೀಮೆಯ ರಚನೆಯನ್ನು ಬಲ್ಲ ವಾಚಕರಿಗೆ ಹೆಚ್ಚು ವರ್ಣಿಸಬೇಕಾದುದಿಲ್ಲ. ಪಡುವಲಿಗೆ ಕಡಲು, ಮೂಡಲಿಗೆ ಘಟ್ಟ. ಇವೆರಡರ ನಡುವಣ ಕಿರಿದಾದ ನೆಲವನ್ನು ಹೊಳೆಗಳು ಅಡ್ಡಡ್ಡವಾಗಿ ಸೀಳಿವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದೂ ಗಂಗೊಳ್ಳಿಯ ಅಳಿವೆಯಲ್ಲಿ ಕೂಡುತ್ತವೆ. ತೆಂಕಣಕ್ಕೆ, ಬ್ರಹ್ಮಾವರದ ಕಡೆಗೆ, ಆಗುಂಬೆಯ ತಪ್ಪಲಿನಿಂದ ಇಳಿದ ಸೀತಾನದಿಯು ಬಾರಕೂರನ್ನು ಹಾದು ಸಮುದ್ರಕ್ಕೆ ಹೋಗುತ್ತದೆ. ದೊಡ್ಡ ರಸ್ತೆಯಾದರೋ ಕಡಲಿನ ಅಂಚನ್ನೇ ಹಿಡಿದು ಬಡಗು ತೆಂಕಾಗಿ ಓಡುತ್ತದೆ. ಮರವಂತೆಯಲ್ಲಿ ಅದು ಸಮುದ್ರಕ್ಕೂ ಸೌಪರ್ಣಿಕೆಗೂ ನಡುವೆ ನುಸುಳುವ ಚೋದ್ಯವನ್ನು ನೋಡಲು ದೂರದವರು ಬರುತ್ತಾರೆ. ಆದರೆ ಆ ಹೆದ್ದಾರಿಯಲ್ಲಿ ಬೈಸಿಕಲ್ಲು ತುಳಿಯುವವನಿಗೆ ಕಡಲೂ ಕಾಣದು, ಹೊಳೆಯೂ ಕಾಣದು. ಬೆನ್ನ ಹಿಂದಿನ ಲಾರಿಯ ಸದ್ದೊಂದೇ ಲೋಕವಾಗಿರುತ್ತದೆ.

ಆದುದರಿಂದ ನಾನು ಮೂಡಣಕ್ಕೆ ತಿರುಗಿದೆನು. ಹೆದ್ದಾರಿಯನ್ನು ಬಿಟ್ಟು ಹೊಳೆಯ ಜಾಡನ್ನು ಹಿಡಿದು ಘಟ್ಟದ ಬುಡದತ್ತ ಹೋದರೆ, ಡಾಮರು ಮುಗಿದಲ್ಲಿ ಬೇರೊಂದು ರಾಜ್ಯ ತೊಡಗುತ್ತದೆ. ಅಲ್ಲಿ ಉಪ್ಪುನೀರನ್ನು ತಡೆಯಲು ಕಟ್ಟಿದ ನದಿದಂಡೆಗಳಿವೆ. ಹಾಡಿಯ ನಡುವೆ ಒಂದೆರಡು ಮನೆಗಳಿಗೆಂದು ಹೋಗುವ ಕೆಂಪು ಹರಳಿನ ದಾರಿಗಳಿವೆ. 1979ರಲ್ಲಿ ತೊಡಗಿ ದಶಕಗಳ ಕಾಲ ತೆವಳಿದ ವಾರಾಹಿ ನೀರಾವರಿ ಯೋಜನೆಯ ಕಾಲುವೆಗಳ ಮಗ್ಗುಲಲ್ಲಿ ನೀರಿನ ಜತೆಗೇ ಬಾಗಿ ಬಳುಕುವ ಹಾದಿಗಳಿವೆ. ಮುರಕಲ್ಲಿನ ಈ ನೆಲವನ್ನು ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1801ರಲ್ಲಿ ಕುಂದಾಪುರ ಬೈಂದೂರುಗಳ ಮಾರ್ಗವಾಗಿ ಸಂಚರಿಸಿ ನೋಡಿದ್ದನು. ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನೂ ಅವನೇ. ಅಗೆಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲು, ಪುಡಿಯಾದ ಮೇಲೆ ಚಕ್ರದ ಕೆಳಗೆ ಹುರಿದ ಅಕ್ಕಿಯಂತೆ ಸದ್ದುಮಾಡುತ್ತದೆ. ಅಗಲವಾದ ಟಯರಿಗೆ ಗಾಳಿಯನ್ನು ತುಸು ಕಡಮೆ ತುಂಬಿದರೆ ಅದು ಹರಳಿನ ಮೇಲೆ ಜಾರದೆ, ಬೆರಳಿನಿಂದ ತಡವಿದಂತೆ ನೆಲವನ್ನು ಹಿಡಿದುಕೊಳ್ಳುತ್ತದೆ. ಮಾರ್ಗಶಿರದ ಮುಂಜಾವಿನಲ್ಲಿ ಅಂಥ ದಾರಿಯಲ್ಲಿ ಒಂದು ತಾಸು ಹೋದರೂ ಎದುರಿಗೆ ಬರುವುದು ಹೆಚ್ಚೆಂದರೆ ಒಂದು ದನ, ಹಾಲಿನ ಕ್ಯಾನು ಹಿಡಿದ ಒಬ್ಬ ಹುಡುಗ. ದೂರದಲ್ಲಿ ಕೊಡಚಾದ್ರಿಯು 1343 ಮೀಟರು ಎತ್ತರದಲ್ಲಿ ಮಂಜಿನಿಂದ ತಲೆ ಹೊರಹಾಕಿರುತ್ತದೆ. ಇದು ಸುಖವಲ್ಲವೆಂದು ನಾನು ಹೇಳಲಾರೆನು. ಇದು ಕೇವಲ ಇಂದ್ರಿಯಸುಖವೆಂದೂ ಹೇಳಲಾರೆನು. ಮನಸ್ಸು ಅಲ್ಲಿ ತನ್ನ ಅಳತೆಗೆ ತಾನು ಬರುತ್ತದೆ.

ಅಂಥದೇ ಒಂದು ಮುಂಜಾವಿನಲ್ಲಿ, ಅಡಿಕೆತೋಟದ ಅಂಚಿನ ಮನೆಯೊಂದರ ಮುಂದೆ ನೀರು ಕೇಳಲು ನಿಂತೆನು. ಮನೆಯ ವೃದ್ಧೆ ನೀರಿನೊಡನೆ ಬೆಲ್ಲದ ತುಣುಕನ್ನೂ ಕೊಟ್ಟರು. ಕುಡಿದ ಸಂತೋಷದಲ್ಲಿ ನಾನು, "ಅಮ್ಮಾ, ಎಷ್ಟು ಚೆಂದದ ದಾರಿ ನಿಮ್ಮದು! ಒಂದು ವಾಹನವಿಲ್ಲ" ಎಂದೆನು. ಆಕೆ ಒಂದು ಕ್ಷಣ ನನ್ನ ಮುಖವನ್ನು ನೋಡಿ, "ನಿಮ್ಗೆ ಚಂದ ಕಾಣತ್ತ್. ಮಳಿಗಾಲ್ದಗೆ ಒಂದ್ಸಲ ಬನ್ನಿ, ಕಾಂಬ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಆಮೇಲೆ ತಿಳಿದುಬಂದುದೇನೆಂದರೆ, ಹಿಂದಿನ ಆಷಾಢದಲ್ಲಿ ಅವರ ಸೊಸೆಗೆ ಹೆರಿಗೆಯ ಬೇನೆ ತೊಡಗಿದಾಗ ಬಾಡಿಗೆಯ ಗಾಡಿಯವನು ತೋಡಿನ ಆಚೆಯೇ ನಿಂತುಬಿಟ್ಟನಂತೆ. ನಾಲ್ಕು ಜನ ಆಕೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಮೊಣಕಾಲುದ್ದ ಕೆಸರಿನಲ್ಲಿ ಹೊತ್ತು ಸಂಕ ದಾಟಿಸಿದರಂತೆ. ತಾಯಿಯೂ ಮಗುವೂ ಕ್ಷೇಮವಾಗಿದ್ದರು. ಮಗು ಅಂದು ಜಗಲಿಯಲ್ಲಿ ಅಂಬೆಗಾಲಿಕ್ಕುತ್ತಿತ್ತು. ಎಲ್ಲರ ಪಾಲಿಗೂ ಹಾಗೆ ಆಗುವುದಿಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದುದನ್ನು ವಾಚಕರು ಮರೆತಿರಲಾರರು.

ನನ್ನ ದಾರಿ ಡಿಸೆಂಬರಿನಿಂದ ಮೇ ತಿಂಗಳವರೆಗಿನ ದಾರಿ. ಆಕೆಯದು ಹನ್ನೆರಡು ತಿಂಗಳಿನದು. ನಾನು ನಿರ್ಜನತೆಯೆಂದು ಕರೆದುದನ್ನು ಆಕೆ ಬೇರೆ ಹೆಸರಿನಿಂದ ಬಲ್ಲಳು. ಅಷ್ಟರಲ್ಲಿ ನನ್ನ ಸುಖವು ಸುಳ್ಳಾಯಿತೆ? ಇಲ್ಲ. ಆದರೆ ಅದಕ್ಕೆ ಬೆಲೆ ತೆತ್ತವರು ಬೇರೆಯವರು ಎಂಬುದು ಗೊತ್ತಾಯಿತು.

ಇಲ್ಲಿ ಒಂದು ಸ್ವಾರಸ್ಯವಾದ ಇತಿಹಾಸವುಂಟು. ನುಣುಪಾದ ರಸ್ತೆಗಳಿಗಾಗಿ ಲೋಕದಲ್ಲಿ ಮೊದಮೊದಲು ಗಟ್ಟಿಯಾಗಿ ಕೂಗಿದವರಲ್ಲಿ ಬೈಸಿಕಲ್ಲಿನವರೇ ಮುಂದಾಳುಗಳು. ಅಮೆರಿಕದ ಬೈಸಿಕಲ್ ಸವಾರರು 1880ರಲ್ಲಿ ಸಂಘ ಕಟ್ಟಿ, ಒಳ್ಳೆಯ ರಸ್ತೆಗಳು ಬೇಕೆಂದು ಚಳವಳಿ ಹೂಡಿ, 1892ರಲ್ಲಿ ಅದಕ್ಕಾಗಿಯೇ ಒಂದು ಪತ್ರಿಕೆಯನ್ನೂ ತೆಗೆದರು. ಇಂಗ್ಲೆಂಡಿನಲ್ಲಿಯೂ 1886ರಲ್ಲಿ ಹೀಗೆಯೇ ಆಯಿತು. ರಸ್ತೆ ನುಣುಪಾಯಿತು, ಮೋಟಾರು ಬಂದಿತು, ಬೈಸಿಕಲ್ಲು ಅಂಚಿಗೆ ಸರಿಯಿತು. ಈಗ ಅವರ ಮರಿಮಕ್ಕಳು ಹರಳು ತುಂಬಿದ ಒರಟು ದಾರಿಗಳನ್ನು ಹುಡುಕಿಕೊಂಡು, ದುಬಾರಿಯ ಬೈಸಿಕಲ್ಲನ್ನು ಏರಿ ಹೊರಟಿದ್ದಾರೆ. ನಾನೂ ಅವರಲ್ಲಿ ಒಬ್ಬನು. ಅಜ್ಜ ಬೇಡಿ ಪಡೆದುದನ್ನು ಮೊಮ್ಮಗ ಬೇಡವೆನ್ನುವುದಕ್ಕೆ ಹಕ್ಕಿದೆ. ಇನ್ನೂ ಪಡೆಯದವನಿಗೆ "ನಿನಗೂ ಅದು ಬೇಡ" ಎನ್ನುವುದಕ್ಕೆ ಹಕ್ಕು ಎಲ್ಲಿಂದ ಬಂತು?

ನನ್ನ ಮಿತ್ರರೊಬ್ಬರು, ಬ್ರಹ್ಮಾವರದ ಕಡೆಯವರು, ಈ ಮಾತಿಗೆ ಒಪ್ಪುವುದಿಲ್ಲ. ಅವರ ವಾದವು ಹಗುರವಾದುದಲ್ಲ. "ಇಟಲಿಯ ಟಸ್ಕನಿ ಪ್ರಾಂತದಲ್ಲಿ ಬಿಳಿಯ ಮಣ್ಣುದಾರಿಗಳು ಒಂದೊಂದಾಗಿ ಡಾಮರಿನ ಕೆಳಗೆ ಹೋಗುತ್ತಿದ್ದಾಗ, 1997ರಲ್ಲಿ ಅಲ್ಲಿಯವರು ಹಳೆಯ ಬೈಸಿಕಲ್ಲುಗಳ ಒಂದು ಸವಾರಿಯನ್ನೇ ಏರ್ಪಡಿಸಿ ಅವನ್ನು ಉಳಿಸಿಕೊಳ್ಳಲು ಹೊರಟರು. ದಾರಿಯನ್ನು ಪ್ರೀತಿಸುವವನು ಸುಮ್ಮನಿದ್ದರೆ ದಾರಿಯ ಪರವಾಗಿ ಮಾತಾಡುವವರು ಯಾರು? ಡಾಮರು ಬಂದರೆ ಅಂಬುಲೆನ್ಸು ವರ್ಷಕ್ಕೆ ಎರಡು ಸಲ ಬಂದೀತು. ಮರಳಿನ ಲಾರಿ, ಕಲ್ಲಿನ ಲಾರಿ ದಿನಕ್ಕೆ ಇಪ್ಪತ್ತು ಬಂದಾವು. ಆಗ ಅದೇ ಮುದುಕಿಯ ಮೊಮ್ಮಗು ಅಂಗಳ ದಾಟಲಾರದು" ಎಂದು ಅವರು ಹೇಳುತ್ತಾರೆ.

ಈ ವಾದದಲ್ಲಿ ಸತ್ಯವಿದೆಯೆಂಬುದನ್ನು ನಾನು ಮರೆಮಾಚುವುದಿಲ್ಲ. ರಸ್ತೆಯೆಂಬುದು ಬೇಕಾದವರನ್ನು ಮಾತ್ರ ಒಳಗೆ ಬಿಡುವ ಬಾಗಿಲಲ್ಲ. ಆದರೂ ಟಸ್ಕನಿಯ ಉದಾಹರಣೆಯು ನಮಗೆ ಪೂರ್ತಿ ಒಗ್ಗದು. ಅಲ್ಲಿ ದಾರಿಯನ್ನು ಉಳಿಸಬೇಕೆಂದವರು ಆ ಸೀಮೆಯವರೇ; ಮೇಲಾಗಿ ಅವರಿಗೆ ನಮ್ಮ ಮಳೆಗಾಲವಿಲ್ಲ. ಜೂನಿನಿಂದ ಸಪ್ಟೆಂಬರಿನೊಳಗೆ ಆಳುದ್ದಕ್ಕೆ ಮೀರಿ ನೀರು ಸುರಿಯುವ ನಾಡಿನಲ್ಲಿ ಮಣ್ಣುದಾರಿಯು ರುಚಿಯ ವಿಷಯವಲ್ಲ, ದಾಟುವುದೋ ದಾಟಲಾಗದೆ ಉಳಿಯುವುದೋ ಎಂಬ ವಿಷಯ. ಇನ್ನು ಲಾರಿಯ ಮಾತು. ಲಾರಿಯಿಂದ ನಷ್ಟಪಡುವವರು ಯಾರೋ ಅವರೇ ಡಾಮರನ್ನು ಕೇಳುತ್ತಿದ್ದಾರೆ. ಅವರಿಗೆ ಈ ಅಪಾಯವು ತಿಳಿಯದೆಂದು ನಾವು ಎಣಿಸುವುದು ಒಂದು ಬಗೆಯ ಅಹಂಕಾರ. ತಿಳಿದೂ ಕೇಳುತ್ತಾರಾದರೆ, ಕೆಸರಿನ ಭಾರವು ಲಾರಿಯ ಭಾರಕ್ಕಿಂತ ಹೆಚ್ಚೆಂದು ಅವರೇ ತೂಗಿ ನೋಡಿದ್ದಾರೆ. ಆ ತಕ್ಕಡಿಯನ್ನು ಹಿಡಿಯಬೇಕಾದ ಕೈ ಅವರದೇ.

ಹಾಗಾದರೆ ಹೊರಗಿನವನ ಪ್ರೀತಿಗೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಕಾನೂನು ಕೂಡ ನಡೆದಾಡುವವನಿಗೆ ಒಂದು ಮರ್ಯಾದೆಯನ್ನು ಕೊಟ್ಟಿದೆ. 1882ರ ಈಸ್‌ಮೆಂಟ್ ಶಾಸನದ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂದು ತಿಳಿದು ನಡೆದ ದಾರಿಯ ಮೇಲೆ ನಡೆದವನಿಗೆ ಹಕ್ಕು ಹುಟ್ಟುತ್ತದೆ. ಆದರೆ ಅದು ನಡೆಯುವ ಹಕ್ಕು. ದಾರಿಯು ತನ್ನ ಮನಸ್ಸಿಗೆ ಒಪ್ಪುವಂತೆ ಹಳತಾಗಿಯೇ ಇರಬೇಕೆಂಬ ಹಕ್ಕಲ್ಲ. ಪ್ರೀತಿಯಿಂದ ಹುಟ್ಟುವುದು ಹಕ್ಕಿಗಿಂತ ಹೆಚ್ಚಾಗಿ ಋಣವೆಂದು ನನಗೆ ತೋರುತ್ತದೆ. ಯಾರ ಅಂಗಳದ ನೀರನ್ನು ಕುಡಿದೆವೊ ಅವರ ತೋಡಿಗೆ ಸಂಕವಿಲ್ಲವೆಂಬುದು ನಮಗೆ ಗೊತ್ತಾಗಿಬಿಟ್ಟರೆ, ಗೊತ್ತಿಲ್ಲದವರಂತೆ ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹಾಯಾಗಿ ಹೋಗುವುದು ಸಾಧ್ಯವಾಗಬಾರದು.

ಎಲ್ಲ ದಾರಿಗಳಿಗೂ ಈ ಮಾತು ಒಂದೇ ತೆರನಾಗಿ ಸಲ್ಲದೆಂಬುದನ್ನೂ ಹೇಳಬೇಕು. ಕಾಲುವೆಯ ಮಗ್ಗುಲಿನ ಹಾದಿ ಯಾರ ಮನೆಯ ಬಾಗಿಲಿಗೂ ಏಕಮಾತ್ರ ದಾರಿಯಲ್ಲದಿದ್ದರೆ, ಅದು ಹರಳಿನದಾಗಿಯೇ ಉಳಿದರೆ ಯಾರಿಗೂ ನಷ್ಟವಿಲ್ಲ. ಅಲ್ಲಿ ವಾಹನವನ್ನು ತಡೆದು ನಡೆಯುವವರಿಗೂ ಬೈಸಿಕಲ್ಲಿನವರಿಗೂ ಬಿಟ್ಟುಕೊಡಿರೆಂದು ಕೇಳುವುದು ನ್ಯಾಯವಾದ ಬೇಡಿಕೆ. ಕೊಲ್ಲೂರಿನ ಸುತ್ತಣ ಕಾಡು 1974ರಿಂದ ಮೂಕಾಂಬಿಕಾ ವನ್ಯಧಾಮವಾಗಿದೆ. ಅಲ್ಲಿಯ ದಾರಿಯನ್ನು ಕಡವೆ ಕಾಟಿಗಳು ನಮಗಿಂತ ಮೊದಲೇ ತುಳಿದಿವೆ. ಸದ್ದಿಲ್ಲದ ವಾಹನವೆಂಬ ಹೆಮ್ಮೆಯಿಂದ ಅಪ್ಪಣೆಯಿಲ್ಲದೆ ನುಗ್ಗುವ ಸವಾರನು ಲಾರಿಯವನ ತಮ್ಮನೇ ಸರಿ. ಇದು ಪ್ರಸಂಗವಶಾತ್ ಬಂದ ಮಾತು.

ವೃದ್ಧೆಯ ಆಹ್ವಾನವನ್ನು ನಾನು ಮರೆಯಲಿಲ್ಲ. ಜುಲೈ ತಿಂಗಳಲ್ಲಿ ಬೈಸಿಕಲ್ಲನ್ನು ಮನೆಯಲ್ಲಿಯೇ ಬಿಟ್ಟು, ವಂಡ್ಸೆಯವರೆಗೆ ಬಸ್ಸಿನಲ್ಲಿ ಹೋಗಿ, ಮುಂದೆ ಕೊಡೆ ಹಿಡಿದು ನಡೆದೆನು. ಡಿಸೆಂಬರಿನಲ್ಲಿ ಹರಳು ಹಾಡಿದ ಜಾಗದಲ್ಲಿ ಕೆಂಪು ನೀರು ದಾರಿಯ ಉದ್ದಕ್ಕೂ ಹರಿಯುತ್ತಿತ್ತು. ದಾರಿಯೇ ತೋಡಾಗಿತ್ತು, ತೋಡು ಹೊಳೆಯಾಗಿತ್ತು. ಸಂಕವೆಂದರೆ ಎರಡು ಅಡಿಕೆ ಮರದ ದಬ್ಬೆ, ಹಿಡಿಯಲು ಒಂದು ಬಳ್ಳಿ. ನಾನು ದಾಟಲಾರದೆ ಈಚೆ ನಿಂತಿದ್ದೆನು. ಆಕೆಯ ಮಗ ಆಚೆಯಿಂದ ಬಂದು ಕೈಹಿಡಿದು ದಾಟಿಸಿದನು.

ಆ ದಿನ ಜಗಲಿಯಲ್ಲಿ ಆರೇಳು ಮನೆಗಳವರು ಕೂಡಿದ್ದರು. ಪಂಚಾಯತಿಗೆ ಒಂದು ಅರ್ಜಿ ಬರೆಯಬೇಕಾಗಿತ್ತು. ಬಂದವನು ಬರೆಯಬಲ್ಲವನೆಂದು ಕಾಗದವನ್ನು ನನ್ನ ಮುಂದಿಟ್ಟರು. ಸಂಕವನ್ನು ಕಟ್ಟಿಸಿಕೊಡಬೇಕೆಂದು ಸಂತೋಷದಿಂದ ಬರೆದೆನು. ಆಮೇಲೆ, ರಸ್ತೆಗೆ ಮುರಕಲ್ಲನ್ನೇ ಇನ್ನಷ್ಟು ಹಾಕಿ ಚರಂಡಿ ತೆಗೆದರೆ ಸಾಲದೆ ಎಂದು ಮೆಲ್ಲನೆ ಕೇಳಿದೆನು. ಕೇಳುವಾಗ ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸಿತು. ಆ ಮಗನು ನಕ್ಕು, "ಚರಂಡಿ ಮೂರ್ ಸಲ ತೆಗ್ದಾಯ್ತ್. ಡಾಮರ್ ಇಲ್ದಿರೆ ರಿಕ್ಷಾದವ ಬತ್ತಿಲ್ಲ" ಎಂದನು. ಮಗು ನನ್ನ ಕೊಡೆಯ ಹಿಡಿಯನ್ನು ಎಳೆಯುತ್ತಿತ್ತು.

ನಾನು "ಡಾಮರು ರಸ್ತೆ" ಎಂದೇ ಬರೆದೆನು. ಎರಡನೆಯ ಸಾಲಿನಲ್ಲಿ, ಅವರೆಲ್ಲರ ಒಪ್ಪಿಗೆ ಪಡೆದು, ಭಾರದ ಲಾರಿಗಳು ಈ ರಸ್ತೆಗೆ ಬಾರದಂತೆ ತಡೆಯಬೇಕೆಂಬುದನ್ನೂ ಸೇರಿಸಿದೆನು. ವೃದ್ಧೆಯು ಆ ಮಾತನ್ನು ಎರಡು ಸಲ ಓದಿಸಿಕೊಂಡು ಕೇಳಿದರು. ಎಲ್ಲರೂ ರುಜು ಹಾಕಿದರು. ಅರ್ಜಿ ಹೋಗಿದೆ. ಕಳೆದ ತಿಂಗಳು ಇಬ್ಬರು ಬಂದು ತೋಡಿನ ಅಗಲವನ್ನು ಅಳೆದು ಹೋದರೆಂದು ಮಗನು ತಿಳಿಸಿದ್ದಾನೆ. ಈ ಡಿಸೆಂಬರಿನಲ್ಲಿ ಅಗಲದ ಟಯರನ್ನು ಹಾಕಿಕೊಂಡು ಇನ್ನೊಮ್ಮೆ ಹೋಗಿಬರಬೇಕೆಂದಿದ್ದೇನೆ.