ಆತ್ಮಸಾಕ್ಷಿ ಎಂಬ ಮಾತು

‘ಆತ್ಮ’ದಷ್ಟು ದುಡಿಯುವ ಶಬ್ದ ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲವೇನೋ. ಗೆಳೆಯನಿಗೆ ಕಾಗದ ಬರೆಯುವಾಗ ‘ಆತ್ಮೀಯ’. ವಯಸ್ಸಾದ ಮೇಲೆ ‘ಆತ್ಮಕಥೆ’. ನೆರೆಮನೆಯವರೊಡನೆ ಜಗಳವಾದರೆ ‘ಆತ್ಮಗೌರವ’. ಇವುಗಳಲ್ಲಿ ವೇದಾಂತದ ಸೋಂಕೇನೂ ಇಲ್ಲ. ಸಂಸ್ಕೃತದ ‘ಆತ್ಮನ್’ ಎಷ್ಟೋ ಕಡೆ ಬರಿಯ ‘ತಾನು’ ಎಂಬ ಅರ್ಥದಲ್ಲಿ ಬರುತ್ತದೆ. ಅದಕ್ಕೂ ಹಿಂದೆ, ಋಗ್ವೇದದಲ್ಲಿ, ಉಸಿರು ಎಂಬ ಅರ್ಥವೂ ಉಂಟು. ಜರ್ಮನರು ಉಸಿರಿಗೆ ‘ಆಟೆಮ್’ ಎನ್ನುವುದನ್ನು ಕೇಳಿದರೆ ನೆಂಟಸ್ತನ ಕಿವಿಗೇ ತಿಳಿಯುತ್ತದೆ.

ತೊಡಕು ಹುಟ್ಟುವುದು ಈ ಸಾಧಾರಣ ‘ತಾನು’ ಪೀತಾಂಬರ ಉಟ್ಟು ತತ್ತ್ವಶಾಸ್ತ್ರದ ಆತ್ಮನಂತೆ ಬಂದು ಕುಳಿತಾಗ. ‘ನನಗೆ ಇಷ್ಟವಿಲ್ಲ’ ಎಂದವನನ್ನು ಏಕೆಂದು ಕೇಳಬಹುದು. ‘ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ’ ಎಂದವನನ್ನು ಏನೆಂದು ಕೇಳೋಣ?

1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಹಿರಿಯರು ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ರೆಡ್ಡಿಯವರ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ರುಜು ಹಾಕಿದವರು ಇಂದಿರಾ ಗಾಂಧಿಯವರೇ. ಆಗಸ್ಟಿನಲ್ಲಿ ಅವರೇ, ಅಂತರಾತ್ಮದ ಮಾತಿನಂತೆ ಮತ ಕೊಡಿ ಎಂದರು, ವಿ. ವಿ. ಗಿರಿ ಗೆದ್ದರು. ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ, ಜನಸಂಘಗಳ ನಾಯಕರೊಡನೆ ಮಾತುಕತೆ ನಡೆಸಿದ್ದೇ ಇದಕ್ಕೆ ಕಾರಣವೆಂದು ಇಂದಿರಾ ಅವರ ಕಡೆಯವರು ವಾದಿಸಿದರು. ಬಲವಾದ ಕಾರಣವೇ ಇರಬಹುದು. ಹಾಗಿದ್ದರೆ ಅದಷ್ಟನ್ನೇ ಹೇಳಿದ್ದರೆ ಸಾಕಿತ್ತು. ನಿದ್ದೆಯಲ್ಲಿದ್ದ ಅಂತರಾತ್ಮವನ್ನು ಎಬ್ಬಿಸುವ ಅಗತ್ಯವಿರಲಿಲ್ಲ. ಮತದಾನವೋ ಗುಟ್ಟಿನದು. ಯಾರಿಗೆ ಅಂತರಾತ್ಮ ನುಡಿಯಿತು, ಯಾರಿಗೆ ಮಂತ್ರಿಪದವಿಯ ಆಸೆ ನುಡಿಯಿತು, ಬಲ್ಲವರಾರು?

ಇದರ ಪಕ್ಕದಲ್ಲಿ 1933ನ್ನು ಇಟ್ಟು ನೋಡಬೇಕು. ಒಳಗಿನ ದನಿಯೊಂದು ಹೇಳಿತೆಂದು ಗಾಂಧೀಜಿ ಮೇ 8ರಂದು 21 ದಿನಗಳ ಉಪವಾಸ ಹಿಡಿದರು. ಅದು ಭ್ರಮೆಯೆಂದವರೂ ಇದ್ದರು. ನಂಬದವರನ್ನು ಒಪ್ಪಿಸಲು ತಮ್ಮಲ್ಲಿ ಬೇರೆ ಪುರಾವೆಯಿಲ್ಲವೆಂದು ಗಾಂಧೀಜಿಯೇ ಹೇಳಿದರು. ಆದರೆ ದನಿ ಕೇಳಿದ್ದೂ ಅವರಿಗೆ, ಹಸಿದದ್ದೂ ಅವರ ಹೊಟ್ಟೆಯೇ, ಅದೂ ಊರೆಲ್ಲ ನೋಡುತ್ತಿದ್ದ ಹಾಗೆ. ಈ ವ್ಯತ್ಯಾಸ ಸಣ್ಣದಲ್ಲ. ಹಾಗೆಂದ ಮಾತ್ರಕ್ಕೆ ಉಪವಾಸ ಬಿದ್ದವರೆಲ್ಲ ಸತ್ಯವನ್ನೇ ಕೇಳಿಸಿಕೊಂಡರೆನ್ನಲಾಗದು, ಹಟಮಾರಿಯೂ ಹಸಿದಿರಬಲ್ಲ. ಕಷ್ಟಸಹಿಷ್ಣುತೆ ಪ್ರಾಮಾಣಿಕತೆಗೆ ಗುರುತಾದೀತು, ನಿಜಕ್ಕೆ ಗುರುತಲ್ಲ.

ನಮ್ಮ ಆಚಾರ್ಯರು ‘ಸಾಕ್ಷಿ’ ಎಂಬ ಪದವನ್ನು ನಮಗಿಂತ ಎಚ್ಚರದಿಂದ ಬಳಸಿದ್ದಾರೆ. ಶಂಕರರ ಅದ್ವೈತದಲ್ಲಿ ಸಾಕ್ಷಿ ಬೆಳಗುತ್ತದೆ, ನೋಡುತ್ತದೆ, ಅಷ್ಟೆ. ಇವರಿಗೆ ಮತ ಕೊಡು, ಅವರಿಗೆ ಬೇಡ ಎಂದು ಅದು ಬಾಯಿ ಬಿಡುವುದಿಲ್ಲ. ಚುನಾವಣೆಗೆ ಅದರಿಂದ ಏನೂ ಉಪಯೋಗವಿಲ್ಲ. ಮಧ್ವರ ಸಾಕ್ಷಿ ಬೇರೆ. ಅದು ಜೀವನ ಸ್ವರೂಪಕ್ಕೇ ಸೇರಿದ ಇಂದ್ರಿಯ; ಸುಖದುಃಖಗಳನ್ನು ನೇರವಾಗಿ ಅರಿಯುತ್ತದೆ; ಒಂದು ಜ್ಞಾನ ಸರಿಯೆಂದು ಕೊನೆಯ ಮುದ್ರೆ ಒತ್ತುವುದೂ ಅದೇ. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪದು ಎಂಬುದು ಆ ಮತದ ದೃಢವಾದ ನಿಲುವು. ಆದರೆ ಸಂಶಯಕ್ಕೆ ಎಡೆಯಿದ್ದಲ್ಲಿ ಪರೀಕ್ಷೆ ನಡೆದ ಮೇಲೆಯೇ ಸಾಕ್ಷಿ ಮುದ್ರೆ ಒತ್ತುತ್ತದೆ. ನಾವು ಮರೆಯುವುದು ಈ ಷರತ್ತನ್ನು. ಥಟ್ಟನೆ ಒಳಗೆ ಕೇಳಿಸಿದ್ದು ಮನಸ್ಸಿನ ಗುನುಗೂ ಆಗಿರಬಹುದು. ಮನಸ್ಸಿಗೆ ಬಯಕೆಯುಂಟು, ಭಯವುಂಟು, ನೆಂಟರಿಷ್ಟರುಂಟು.

ಹೀಗಾಗಿ, ಆತ್ಮಸಾಕ್ಷಿಯ ಹೆಸರು ಹೇಳಿ ಮಾತು ಮುಗಿಸಲು ಬಂದವರನ್ನು ‘ಪರೀಕ್ಷೆ ಮಾಡಿದಿರಾ, ಹೇಗೆ ಮಾಡಿದಿರಿ?’ ಎಂದು ಕೇಳಿದರೆ ಅದು ಅಪಚಾರವಲ್ಲ. ಶಾಸ್ತ್ರವೇ ಕೇಳುವ ಪ್ರಶ್ನೆ ಅದು.