ಬೆಲ್ಲವಿಲ್ಲದ ಬೆಲ್ಲದ ವಾಸನೆ

ಜುಲೈ ತಿಂಗಳ ಮಳೆ. ಖಾನಾಪುರದಲ್ಲಿ ಮಲಪ್ರಭೆಗೆ ಹತ್ತಿರದ ಹಂಚಿನ ಮನೆ, ಮುಂದೆ ಉದ್ದನೆಯ ಪಡಸಾಲೆ. ಗೆಳೆಯನ ಅವ್ವ ಒಳಗಿನಿಂದ ಹುರಿದ ಶೇಂಗಾದ ತಾಟು ತಂದು ನಮ್ಮ ನಡುವೆ ಇಟ್ಟರು. ಎಂಬತ್ತು ದಾಟಿದ ಜೀವ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮದ್ಯದ ಒಂದು ಹನಿಯನ್ನೂ ಮುಟ್ಟಿದವರಲ್ಲ. ಒಳಗೆ ಹೋಗಲು ತಿರುಗಿದವರು ಯಾಕೋ ನಿಂತರು.

"ತಿಂಗಳ ತಿಂಗಳ ಕುಂತು ಮೂಸಿ ಮೂಸಿ ಏನೇನೋ ಬರಕೋತೀರಲ್ಲಪಾ, ಅದರಾಗ ಅಂಥಾದ್ದು ಏನೈತಿ? ತಾ ಇಲ್ಲೆ, ನಾನೂ ಮೂಸಿ ನೋಡ್ತೀನಿ."

ಮಗನಿಗೆ ಮುಜುಗರವಾಯಿತು. ನಾನು ನನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಸೆರಗನ್ನು ಹಿಂದಕ್ಕೆ ಸರಿಸಿ, ಲೋಟವನ್ನು ಮೂಗಿನಿಂದ ಒಂದು ಗೇಣು ದೂರದಲ್ಲೇ ಹಿಡಿದು, ಕಣ್ಣು ಮುಚ್ಚಿದರು. ಮಳೆ ಹಂಚಿನ ಮೇಲೆ ಸುರಿಯುತ್ತಲೇ ಇತ್ತು.

"ಗಾಣದ ಮನಿ," ಅಂದರು. "ಬೆಲ್ಲದ ಪಾಕ ಇಳಸೂ ಹೊತ್ತಿನಾಗ ಕೊಪ್ಪರಿಗಿ ಅಂಚಿಗೆ ಹತ್ತಿ ಕರಕಲಾಗಿರತೈತಲ್ಲಾ, ಅದರ ವಾಸನಿ. ಇದಕ್ಕ ಬೆಲ್ಲಾ ಹಾಕ್ಯಾರೇನು?"

ಹಾಕಿರಲಿಲ್ಲ. ಲೋಟದಲ್ಲಿದ್ದದ್ದು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್. ಮೊಳಕೆ ಬರಿಸಿದ ಜವೆಗೋದಿ, ನೀರು, ಯೀಸ್ಟ್, ಮತ್ತೆ ಮರದ ಪೀಪಾಯಿಯಲ್ಲಿ ಕಳೆದ ವರ್ಷಗಳು. ಬೆಲ್ಲವೂ ಇಲ್ಲ, ಕಬ್ಬೂ ಇಲ್ಲ. ಆದರೂ ಅವರು ಹೇಳಿದ ಮೇಲೆ ನಾವು ನಾಲ್ವರೂ ಮತ್ತೆ ಮೂಸಿದೆವು. ಹೌದು, ಗಾಣದ ಮನೆಯೇ. ಅಷ್ಟು ಹೊತ್ತು ನಾವು ಕಾಣದೆ ತಡವರಿಸುತ್ತಿದ್ದ ವಾಸನೆಗೆ ಅವರು ಒಂದೇ ಉಸಿರಿನಲ್ಲಿ ಹೆಸರಿಟ್ಟಿದ್ದರು. ಆ ಸಂಜೆಯ ಬೆರಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಮ್ಮ ಕೂಟ ಚಿಕ್ಕದು. ಬೆಳಗಾವಿ ಕ್ಯಾಂಪಿನ ಹತ್ತಿರ ಮನೆ ಮಾಡಿಕೊಂಡಿರುವ ನಿವೃತ್ತ ಸುಬೇದಾರರು, ನಾವೆಲ್ಲ ಮಾಮಾ ಎಂದು ಕರೆಯುವವರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಸರ್. ಖಾನಾಪುರದ ಗೆಳೆಯ, ಮಣ್ಣಿನ ಕೆಲಸ ಬಲ್ಲವನು. ಜೊತೆಗೆ ನಾನು. ತಿಂಗಳಿಗೊಂದು ಶನಿವಾರ ನಾವು ಮೂವರು ದೇಸೂರು ದಾಟಿ ಅವನ ಮನೆಗೆ ಹೋಗುತ್ತೇವೆ. ಬಾಟಲಿ ತರುವುದು ಸರದಿಯ ಪ್ರಕಾರ. "ಈ ಸಲ ಏನ್ ತಂದೀರಿ?" ಎಂಬುದೇ ನಮ್ಮ ನಮಸ್ಕಾರ. ಒಬ್ಬೊಬ್ಬರಿಗೆ ಮೂವತ್ತು ಎಂಎಲ್, ಬಹಳವಾದರೆ ಅರವತ್ತು. ರಾತ್ರಿ ಅಲ್ಲೇ ಹಾಸಿಗೆ. ಕುಡಿತದಿಂದ ಮುರಿದ ಮನೆಗಳನ್ನು ನಾನು ನನ್ನ ಬಳಗದಲ್ಲೇ ಕಂಡವನು. ಆ ನೋವು ತಿಳಿದೇ ಈ ಅಳತೆ ಇಟ್ಟುಕೊಂಡಿದ್ದೇವೆ. ನಮಗೆ ಬೇಕಾದದ್ದು ಅಮಲಲ್ಲ. ಒಬ್ಬನಿಗೆ ಕಂಡ ರುಚಿಯನ್ನು ಇನ್ನೊಬ್ಬನ ಮುಂದೆ ಇಡುವ ಮಾತು.

ಆ ಮಾತೇ ನಮಗೆ ಬಹಳ ದಿನ ಸಿಕ್ಕಿರಲಿಲ್ಲ. ನಮ್ಮಲ್ಲೊಂದು ಇನ್ನೂರು ಪುಟದ ನೋಟುಬುಕ್ಕಿದೆ. ಅದರ ಮೊದಲ ಪುಟಗಳನ್ನು ಈಗ ತೆರೆದರೆ ಬರೀ ಸಾಲದ ಮಾತು: ಹೀದರ್ ಹೂ, ಪೀಚ್, ಮಾರ್ಜಿಪಾನ್. ಬಾಟಲಿಯ ಡಬ್ಬಿಯ ಮೇಲೆ ಅಚ್ಚಾದದ್ದನ್ನು ನೋಡಿ ಬರೆದುಕೊಂಡದ್ದು. ಹೀದರ್ ಹೂವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಒಂದು ರಾತ್ರಿ ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ಹಿಡಿದ ವಿಸ್ಕಿ ಸುರಿದಾಗ ಮಾಮಾ ಲೋಟ ಕೆಳಗಿಟ್ಟು ಸುಮ್ಮನೆ ಕೂತರು. ಆಮೇಲೆ ಹೇಳಿದರು: "ಪುಸ್ತಕದಾಗ ಏನರೆ ಇರಲಿ ಸರ್, ನನಗ ಇದು ನಮ್ಮವ್ವನ ಅಡಗಿಮನಿ. ಮಳಿಗಾಲದಾಗ ಹಸಿ ಕಟಗಿ ಹೊಗಿ ಮ್ಯಾಲೆ ಹೋಗಿ ನಾಗೊಂದಿಗಿಗೆ ಹತ್ತಿರತಿತ್ತು." ಅವರ ಕಣ್ಣು ತುಂಬಿತ್ತು. ಅವತ್ತಿನಿಂದ ನೋಟುಬುಕ್ಕಿನ ಭಾಷೆ ಬದಲಾಯಿತು. ಒಣಗಿದ ಮುರುಗಲು ಸಿಪ್ಪೆ. ಬೇಸಗೆಯಲ್ಲಿ ಮರದಡಿ ಬಿದ್ದ ಗೋಡಂಬಿ ಹಣ್ಣಿನ ಒಗರು. ಜಾಂಬೋಟಿ ದಾರಿಯಲ್ಲಿ ಒಡೆದಿಟ್ಟ ಹಲಸು. ತಳ ಹತ್ತಿದ ಕುಂದಾ.

ಮಾಮಾ ಹೇಳಿದ್ದು ಬರೀ ನೆನಪಲ್ಲ, ಅದಕ್ಕೆ ಆಧಾರವಿದೆ ಎಂದು ಸರ್ ಬಿಡಿಸಿ ಹೇಳಿದರು. ಐಲಾದಲ್ಲಿ ಮೊಳಕೆ ಜವೆಗೋದಿಯನ್ನು ಪೀಟ್ ಎಂಬ ಜೌಗು ನೆಲದ ಇಂಧನದ ಹೊಗೆಯಲ್ಲಿ ಒಣಗಿಸುತ್ತಾರೆ. ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಗಿಡಗಂಟಿಗಳೇ ಆ ಪೀಟ್. ಅದನ್ನು ಸುಟ್ಟಾಗ ಗ್ವಾಯಕಾಲ್‌ನಂಥ ಫೀನಾಲ್‌ಗಳು ಹುಟ್ಟುತ್ತವೆ. ನಮ್ಮ ಒಲೆಯ ಕಟ್ಟಿಗೆ ಉರಿದಾಗಲೂ ಗ್ವಾಯಕಾಲ್ ಬರುತ್ತದೆ. ಅಟ್ಲಾಂಟಿಕ್ ದಂಡೆಯ ದ್ವೀಪಕ್ಕೂ ಬೆಳಗಾವಿ ಸೀಮೆಯ ಒಬ್ಬ ತಾಯಿಯ ಒಲೆಗೂ ನಡುವೆ ನಂಟಿದೆ. ಆ ನಂಟನ್ನು ಹಿಡಿದದ್ದು ಒಂದು ಮೂಗು.

ಅವ್ವನ ಬೆಲ್ಲಕ್ಕೆ ಬರುತ್ತೇನೆ. ವಿಸ್ಕಿಯನ್ನು ಇಡುವ ಪೀಪಾಯಿ ಓಕ್ ಮರದ್ದು. ಅದರ ಒಳಮೈಯನ್ನು ಬೆಂಕಿ ಹಚ್ಚಿ ಸುಡುತ್ತಾರೆ. ಮರದ ನಾರಿನ ಜೊತೆಗಿರುವ ಹೆಮಿಸೆಲ್ಯುಲೋಸ್ ಎಂಬ ಭಾಗ ಆ ಕಾವಿಗೆ ಒಡೆದು ಸಕ್ಕರೆಯಾಗುತ್ತದೆ, ಸಕ್ಕರೆ ಸುಟ್ಟು ಪಾಕವಾಗುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದಾಗ ವೆನಿಲಾದ ಘಮ ಬರುತ್ತದೆ. ಒಳಗೆ ಸುರಿದ ಬಣ್ಣವಿಲ್ಲದ ಮದ್ಯಸಾರ ವರ್ಷಗಟ್ಟಲೆ ಆ ಸುಟ್ಟ ಮರದೊಳಗೆ ಹೋಗಿ ಬಂದು, ಹೋಗಿ ಬಂದು, ಆ ಬಣ್ಣವನ್ನೂ ವಾಸನೆಯನ್ನೂ ಹೊತ್ತು ತರುತ್ತದೆ. ಗಾಣದ ಮನೆಯಲ್ಲಿ ನಡೆಯುವುದೂ ಸಕ್ಕರೆಯ ಮೇಲೆ ಬೆಂಕಿಯ ಕೆಲಸವೇ. ಅಲ್ಲಿ ಕೊಪ್ಪರಿಗೆ, ಇಲ್ಲಿ ಮರ. ಅವ್ವನ ತವರು ಘಟಪ್ರಭೆಯ ದಂಡೆಯ ಕಬ್ಬಿನ ಊರು. ಎಳೆವೆಯಲ್ಲಿ ರಾತ್ರಿಯೆಲ್ಲ ಗಾಣದ ಮುಂದೆ ಕೂತು ಬಿಸಿ ಬೆಲ್ಲ ತಿಂದವರು. ಬೆಲ್ಲವಿಲ್ಲದಲ್ಲಿ ಅವರು ಕಂಡ ಬೆಲ್ಲ ಭ್ರಮೆಯಾಗಿರಲಿಲ್ಲ.

ಇದರ ಎದುರಿಗೆ ಇನ್ನೊಂದು ಸಂಗತಿ ಇಟ್ಟು ನೋಡಬೇಕು. ನಮ್ಮ ಬೆಳಗಾವಿ ಕಬ್ಬಿನ ಜಿಲ್ಲೆ. 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್‌ನಲ್ಲಿ ಸಕ್ಕರೆಯ ಜೊತೆಗೆ ಮದ್ಯಸಾರವೂ ತಯಾರಾಗುತ್ತದೆ. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವ ಅಗ್ಗದ ಬಾಟಲಿಗಳಲ್ಲಿ ಹಲವಕ್ಕೆ ಆಧಾರ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ಮದ್ಯಸಾರ. ಧಾನ್ಯದಿಂದ ಬಾರದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರಲು ಕಾನೂನು ಬಿಡುವುದಿಲ್ಲ. ಆ ಕಾಕಂಬಿಯ ಮದ್ಯಸಾರವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಶೇ 96ರ ಹತ್ತಿರಕ್ಕೆ ಒಯ್ಯುವಷ್ಟರಲ್ಲಿ ಅದರಲ್ಲಿ ಕಬ್ಬಿನ ಗುರುತೇ ಉಳಿಯುವುದಿಲ್ಲ. ನಿಜವಾಗಿ ಕಬ್ಬಿನಿಂದ ಬಂದದ್ದರಲ್ಲಿ ಕಬ್ಬಿಲ್ಲ. ಕಬ್ಬನ್ನೇ ಕಾಣದ್ದರಲ್ಲಿ ಗಾಣದ ಮನೆ ಇಡಿಯಾಗಿ ಇದೆ. ನಾನು ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಕನ್ನಡದಲ್ಲಿ ವಾಸನೆ ಎಂಬ ಮಾತಿಗೆ ಎರಡು ಅರ್ಥ. ಒಂದು ಮೂಗಿಗೆ ತಾಗುವುದು. ಇನ್ನೊಂದು ಹಿಂದಿನ ಜನ್ಮಗಳಿಂದ ಜೀವಕ್ಕೆ ಅಂಟಿಕೊಂಡು ಬಂದದ್ದು, ಪೂರ್ವವಾಸನೆ. ಪೀಪಾಯಿಯ ವಿಷಯದಲ್ಲಿ ಈ ಎರಡೂ ಒಂದೇ ಆಗಿಬಿಡುತ್ತವೆ. ಅಮೆರಿಕದ ಬೋರ್ಬನ್ ವಿಸ್ಕಿಗೆ ಹೊಸದಾಗಿ ಸುಟ್ಟ ಓಕ್ ಪಾತ್ರೆಯೇ ಆಗಬೇಕೆಂಬುದು ಅಲ್ಲಿನ ಕಾನೂನು. ಒಮ್ಮೆ ಬಳಸಿದ ಪೀಪಾಯಿಗಳು ಅಲ್ಲಿಂದ ಲೋಕದ ಎಲ್ಲ ಕಡೆ ಹೊರಟು, ಬೆಂಗಳೂರಿಗೂ ಬರುತ್ತವೆ. ಮೊದಲ ಬಾಳಿನಲ್ಲಿ ಮೆಕ್ಕೆಜೋಳದ ಮದ್ಯ ಹೊತ್ತಿದ್ದ ಮರ ಎರಡನೆಯ ಬಾಳಿನಲ್ಲಿ ಜವೆಗೋದಿಯದನ್ನು ಹೊರುತ್ತದೆ. ಹಿಂದಿನ ಬಾಳು ಅದರಿಂದ ಪೂರ್ತಿ ಹೋಗಿರುವುದಿಲ್ಲ.

ಹೊತ್ತದ್ದನ್ನೆಲ್ಲ ಅದು ತಿರುಗಿ ಕೊಡುವುದೂ ಇಲ್ಲ. ಮರದ ಸಂದಿನಿಂದ ಆವಿ ಹೊರಗೆ ಹೋಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನ ಹವೆಯಲ್ಲಿ ಶೇ 10ರಿಂದ 12. ನಾಲ್ಕು ವರ್ಷ ಇಟ್ಟರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗಾಳಿಗೆ. ವಿಸ್ಕಿ ಮಾಡುವವರು ಇದನ್ನು ದೇವತೆಗಳ ಪಾಲು ಎನ್ನುತ್ತಾರೆ. ಸರ್ ಇದನ್ನು ಹೇಳಿದಾಗ ಗೆಳೆಯ ತಟ್ಟನೆ, "ಅಂದ್ರ ಚರಗ" ಎಂದ. ಎಳ್ಳಮವಾಸೆಗೆ ಹೊಲಕ್ಕೆ ಬುತ್ತಿ ಒಯ್ದು, ಉಣ್ಣುವ ಮೊದಲು ಭೂಮಿತಾಯಿಗೆಂದು ಬೆಳೆಯ ನಡುವೆ ಚೆಲ್ಲುವ ಅನ್ನ. ಅದಕ್ಕಿಂತ ಸರಿಯಾದ ಮಾತು ನನಗೆ ತೋಚಿಲ್ಲ. ನಮ್ಮ ಬಿಸಿಲು ಹೆಚ್ಚು ಚರಗ ಬೇಡುತ್ತದೆ, ಹಾಗೆಯೇ ಮರದ ರಸವನ್ನೂ ಬೇಗ ಎಳೆದು ಕೊಡುತ್ತದೆ. ಅಲ್ಲಿ ಬಹಳ ವರ್ಷ ಕಾಯಬೇಕಾದದ್ದು ಇಲ್ಲಿ ನಾಲ್ಕೈದರಲ್ಲಿ ಮಾಗುತ್ತದೆ.

1948ರಲ್ಲಿ ಜಗದಾಳೆ ಮನೆತನ ಬೆಂಗಳೂರಿನಲ್ಲಿ ಶುರು ಮಾಡಿದ ಅಮೃತ್, ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕೆ ಇಟ್ಟದ್ದು 2004ರ ಆಗಸ್ಟ್‌ನಲ್ಲಿ, ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. 2010ರ ಆವೃತ್ತಿಯ 'ವಿಸ್ಕಿ ಬೈಬಲ್' ಪುಸ್ತಕದಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರಿ ಇದೇ ಮನೆಯ 'ಫ್ಯೂಷನ್' ಅನ್ನು ಲೋಕದ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು. ಬೆಂಗಳೂರಿನ ಮತ್ತೊಂದು ಕಂಪನಿಯ ಪಾಲ್ ಜಾನ್ ಮಾಗುವುದು ನಮ್ಮ ಘಟ್ಟದ ಕೆಳಗಿನ ಗೋವೆಯಲ್ಲಿ. ಕನ್ನಡ ನಾಡಿನ ಜನ ಮಾಡಿದ ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಮತ್ತು ಅದನ್ನು ಹೇಳಲು ಸಂಕೋಚವಿಲ್ಲ.

ಕಾಕತಾಳೀಯ ಎನ್ನಿ, ಅದೇ 2004ರಲ್ಲಿ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ ನೊಬೆಲ್ ಬಂತು, ಮೂಗು ವಾಸನೆಯನ್ನು ಹೇಗೆ ಗುರುತಿಸುತ್ತದೆ ಎಂದು ತೋರಿಸಿದ್ದಕ್ಕೆ. ಮನುಷ್ಯನ ಮೂಗಿನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ. ಅವು ಎಲ್ಲರಲ್ಲೂ ಒಂದೇ ತೆರ ಇರುವುದಿಲ್ಲ. ಒಂದೇ ಬಾಟಲಿಯಿಂದ ಸುರಿದುಕೊಂಡರೂ ನಾಲ್ವರ ಲೋಟದಲ್ಲಿ ನಾಲ್ಕು ವಾಸನೆ. ಸಂಗೀತ ಕೇಳುವಾಗ ಪಕ್ಕದವನಿಗೂ ಅದೇ ಸ್ವರ ಕೇಳುತ್ತಿದೆ ಎಂಬ ಭರವಸೆ ಇರುತ್ತದೆ. ಇಲ್ಲಿ ಆ ಭರವಸೆ ಇಲ್ಲ. ನನಗೆ ಕಂಡದ್ದು ನಿಮಗೆ ಕಾಣಬೇಕಾದರೆ ನಾನು ಅದನ್ನು ಹೇಳಲೇಬೇಕು, ನೀವು ಅದನ್ನು ನಂಬಿ ಮತ್ತೊಮ್ಮೆ ಮೂಸಬೇಕು. ಆಗ ಕೆಲವೊಮ್ಮೆ, ಪ್ರತಿ ಸಲವೂ ಅಲ್ಲ, ಅದು ನಿಮಗೂ ಕಾಣಿಸುತ್ತದೆ. ಅವತ್ತು ಅವ್ವ ನಮಗೆ ಕೊಟ್ಟದ್ದು ಇದನ್ನೇ.

ಗೆಳೆಯನ ಮೂಗಿನ ದಾರಿ ಬೇರೆ. ಅವನು ಎಲ್ಲದರಲ್ಲೂ ಮಣ್ಣನ್ನು ಹುಡುಕುತ್ತಾನೆ. ಖಾನಾಪುರದ ಜೇಡಿಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯೇ ಈ ಊರಲ್ಲಿದೆ. ಹೊಸ ಗಡಿಗೆಯ ನೀರಿನ ವಾಸನೆ ಬಂತೆಂದರೆ ಅವನ ಮಟ್ಟಿಗೆ ಆ ವಿಸ್ಕಿ ಗೆದ್ದ ಹಾಗೆ. ಮಳೆ ಬಿದ್ದ ನೆಲದ ಘಮಕ್ಕೆ ಒಂದು ಕಾರಣ ಜಿಯಾಸ್ಮಿನ್, ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ವಸ್ತು. ಲಕ್ಷ ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಅದನ್ನು ಪತ್ತೆ ಹಚ್ಚುತ್ತದೆ. ವಿಸ್ಕಿ ಮಾಡುವವರಿಗೆ ಈ ಮಣ್ಣಿನ ವಾಸನೆ ದೋಷ. ಅವನಿಗೆ ಅದೇ ಮೆಚ್ಚುಗೆ. ಈ ಜಗಳದಲ್ಲಿ ನಾನು ಅವನ ಪಕ್ಷ.

ಇನ್ನೊಂದು ಚಿಕ್ಕ ವಿಷಯ. ಲೋಟಕ್ಕೆ ನಾಲ್ಕು ಹನಿ ನೀರು ಹಾಕಿದರೆ ಮುಚ್ಚಿದ್ದ ಘಮ ಬಿಚ್ಚಿಕೊಳ್ಳುತ್ತದೆ. ಮಾಮಾ ಚಮಚದ ತುದಿಯಿಂದ ಹನಿ ಬಿಡುವಾಗ ಮಗುವಿಗೆ ಔಷಧಿ ಹಾಕುವಷ್ಟು ಜತನ. ಯಾಕೆ ಹೀಗಾಗುತ್ತದೆ ಎಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು: ಮದ್ಯಸಾರ ಗಾಢವಾಗಿದ್ದಾಗ ಗ್ವಾಯಕಾಲ್ ಅದರೊಳಗೆ ಅಡಗಿರುತ್ತದೆ, ತೆಳುವಾದಾಗ ಮೇಲ್ಮೈಗೆ ಬಂದು ನಿಲ್ಲುತ್ತದೆ. ಅಂದಿನ ಲೋಟಕ್ಕೆ ಹಾಕಿದ್ದು ಆ ಮನೆಯ ಬಾವಿಯ ನೀರು. ಅವ್ವ ಕೈಯಲ್ಲಿ ಹಿಡಿದಾಗ ಗಾಣದ ಮನೆ ಮೇಲೆದ್ದು ನಿಂತದ್ದರಲ್ಲಿ ಆ ಬಾವಿಯ ಪಾಲೂ ಇತ್ತೇನೋ.

ಲೋಟ ತಿರುಗಿ ಕೊಡುವಾಗ ಅವ್ವ ಒಂದು ಮಾತು ಹೇಳಿದರು. "ಗಾಣದ ಮುಂದ ನಮ್ಮಪ್ಪ ಕುಂತಿರತಿದ್ದ. ಅವನ ಧೋತರದಾಗೂ ಇದ ವಾಸನಿ. ಅವ ಹೋಗಿ ಅರವತ್ತು ವರ್ಷಾತು." ಆಮೇಲೆ ಶೇಂಗಾ ಆರುತ್ತದೆ, ತಿನ್ನಿ ಎಂದು ಒಳಗೆ ಹೋದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ, ಯಾರೂ ಎರಡನೆಯದನ್ನು ಸುರಿದುಕೊಳ್ಳಲೂ ಇಲ್ಲ.

ನೋಟುಬುಕ್ಕಿನ ಆ ದಿನದ ಪುಟದಲ್ಲಿ ನಮ್ಮ ನಾಲ್ವರ ಮಾತು ಒಂದೂ ಇಲ್ಲ. ಸರ್ ಕೈಬರಹದಲ್ಲಿ ಒಂದೇ ಸಾಲು ಇದೆ: ಜುಲೈ, ಜೋರು ಮಳೆ, ಬಾವಿ ನೀರು ನಾಲ್ಕು ಹನಿ. ಅವ್ವ: ಗಾಣದ ಮನಿ.