ಎರಿ ಹೊಲದ ಓಟ

ಎರಿ ಹೊಲದಲ್ಲಿ ಅಡಗಿಕೊಳ್ಳಲು ಜಾಗ ಇಲ್ಲ. ಮಲೆನಾಡಿನ ಚುಕ್ಕಿ ಜಿಂಕೆಗೆ ಪೊದೆ ಇದೆ, ಮರದ ನೆರಳಿದೆ; ಮೈಮೇಲಿನ ಚುಕ್ಕಿಗಳೇ ಬಿಸಿಲು ನೆರಳಿನಲ್ಲಿ ಬೆರೆತು ಅದನ್ನು ಮರೆಮಾಡುತ್ತವೆ. ಬೆಳಗಾವಿ ಕಡೆಯ ಸಿರಸಂಗಿ ಸೀಮೆಯ ಚಿಗರಿಗೆ ಆ ಭಾಗ್ಯ ಸಿಕ್ಕಿಲ್ಲ. ಕರಿ ಮಣ್ಣು, ಹಿಂಗಾರಿ ಜೋಳ, ಕಡಲೆ, ಕುಸುಬಿ, ಬದುವಿನ ಮೇಲೆ ಒಂದು ಬನ್ನಿ ಗಿಡವೋ ಜಾಲಿಯೋ. ಉಳಿದದ್ದೆಲ್ಲ ಆಕಾಶ. ಇಲ್ಲಿ ಬದುಕಬೇಕೆಂದರೆ ಓಡಬೇಕು. ಹಾಗಾಗಿ ಇಲ್ಲಿಯ ಶಿಕಾರಿಯೂ ಬೆನ್ನು ಹತ್ತಿ ದಣಿಸುವ ಶಿಕಾರಿಯಾಯಿತು.

ಚಿಗರಿ, ಅಂದರೆ ಕೃಷ್ಣಮೃಗ, ಪ್ರಾಣಿಶಾಸ್ತ್ರದ ಪ್ರಕಾರ ಜಿಂಕೆಯ ಕುಲದ್ದಲ್ಲ. ಚುಕ್ಕಿ ಜಿಂಕೆ, ಕಡವೆಗಳ ಕೊಂಬು ಉದುರಿ ಮತ್ತೆ ಮೂಡುತ್ತದೆ. ಚಿಗರಿಯ ತಿರುಚಿದ ಕೊಂಬು ಒಮ್ಮೆ ಮೂಡಿದರೆ ಸಾಯುವವರೆಗೂ ಅದೇ. ಆದರೆ ಮೈಬಣ್ಣ ಹಾಗೆ ನಿಲ್ಲುವುದಿಲ್ಲ. ಗಂಡು ಮರಿಗೆ ಮೊದಲು ತಾಯಿಯ ಗೋದಿ ಬಣ್ಣ. ಪ್ರಾಯಕ್ಕೆ ಬಂದಂತೆ ಬೆನ್ನು ಕಪ್ಪಾಗುತ್ತ ಹೋಗುತ್ತದೆ. ಕೂಡುವ ಕಾಲ ಕಳೆದ ಮೇಲೆ ಆ ಕಪ್ಪು ಮಾಸುವುದೂ ಉಂಟು. ಕೊಂಬನ್ನು ಉಳಿಸಿಕೊಂಡ ಪ್ರಾಣಿಗೆ ಬಣ್ಣವನ್ನು ಉಳಿಸಿಕೊಳ್ಳಲು ಆಗಲಿಲ್ಲ. ಪ್ರತಿ ಜೀವಕ್ಕೂ ಬಿಟ್ಟುಕೊಡಬೇಕಾದದ್ದು ಏನಾದರೂ ಒಂದು ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೇನೆ.

ಈ ಓಟಕ್ಕೆ ಸರಿಜೋಡಿಯಾಗಿ ನಮ್ಮ ಜನ ಇನ್ನೊಂದು ಓಟವನ್ನು ಮನೆಯಲ್ಲಿ ಸಾಕಿದರು. ರಾಮದುರ್ಗದ ಆಚೆ ಲೋಕಾಪುರ, ಅದರಾಚೆ ಮುಧೋಳ. ಉದ್ದ ಮೂತಿ, ಆಳವಾದ ಎದೆಗೂಡು, ಒಳಗೆ ಸೆಳೆದುಕೊಂಡ ಹೊಟ್ಟೆ, ಬಿಲ್ಲಿನ ಹಾಗೆ ಬಾಗುವ ಬೆನ್ನು. ಮುಧೋಳ ನಾಯಿಯ ಮೈಯಲ್ಲಿ ಓಟಕ್ಕೆ ಬೇಡವಾದದ್ದು ಒಂದೂ ಇಲ್ಲ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳ ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಮೇಲೆ ಅದಕ್ಕೆ ದೊಡ್ಡ ಹೆಸರು ಬಂತು. ಅರಮನೆಗೆ ಮುಂಚೆಯೂ ಅರಮನೆಯ ಕಾಲ ಮುಗಿದ ಮೇಲೂ ಅದಕ್ಕೆ ರೊಟ್ಟಿ ಹಾಕಿದವರು ಮಾತ್ರ ಹಳ್ಳಿಯ ಬೇಡರು, ಕುರಿಗಾರರು, ಒಕ್ಕಲು ಮಕ್ಕಳು. ಅವರಿಗೆ ಬೇಟೆ ಎಷ್ಟು ಹತ್ತಿರದ ಸಂಗತಿಯಾಗಿತ್ತು ಎಂಬುದಕ್ಕೆ ಅದೇ ಸೀಮೆಯ ಹಲಗಲಿಯೇ ಸಾಕ್ಷಿ. 1857ರಲ್ಲಿ ಬ್ರಿಟಿಷ್ ಸರಕಾರ ಜನರ ಕೈಯಿಂದ ಆಯುಧ ಕಸಿಯಲು ಹೊರಟಾಗ ಹಲಗಲಿಯ ಬೇಡರು ಬೇಟೆಯ ಆಯುಧ ಕೊಡುವುದಿಲ್ಲ ಎಂದರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಆಯುಧ ಹೋಯಿತು, ಜನ ಹೋದರು. ಅವರ ಲಾವಣಿಯನ್ನು ಇನ್ನೂ ಹಾಡುತ್ತಾರೆ.

ಹಿರಿಯರು ಶಿಕಾರಿಯ ಕಥೆ ಹೇಳುವುದನ್ನು ಲಕ್ಷ್ಯಗೊಟ್ಟು ಕೇಳಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಸತ್ತ ಪ್ರಾಣಿಯ ಬಗ್ಗೆ ಒಂದು ಮಾತು. ಓಡಿದ ಪ್ರಾಣಿಯ ಬಗ್ಗೆ ನೂರು ಮಾತು. ತಪ್ಪಿಸಿಕೊಂಡು ಹೋದದ್ದರ ಕಥೆಯಂತೂ ಮುಗಿಯುವುದೇ ಇಲ್ಲ. ನಸುಕಿನಲ್ಲಿ ಎದ್ದದ್ದು, ಬುತ್ತಿ ಕಟ್ಟಿಸಿಕೊಂಡದ್ದು, ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಆ ದಿನ ಒಂದೇ ಗಡಿಗೆಯ ನೀರು ಕುಡಿದದ್ದು, ಮೀಸೆ ಮೂಡದ ಹುಡುಗನನ್ನು ಮೊದಲ ಸಲ ಕರೆದೊಯ್ದದ್ದು, ಯಾರ ನಾಯಿ ಎಲ್ಲಿ ತಿರುವು ತಪ್ಪಿತು, ಯಾವ ಬದುವಿನ ಮೇಲಿಂದ ಚಿಗರಿ ಹಾರಿತು. ಹಾರಿದ ಎತ್ತರ ತೋರಿಸಲು ಮುದುಕರು ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಮಾಂಸದ ರುಚಿ ಹೇಳಲು ಯಾರೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ.

ಅವರಿಗೆ ಬೇಕಾಗಿದ್ದದ್ದು ಆ ಓಟವೇ ಎಂದು ನನಗೆ ಅನಿಸುತ್ತದೆ. ಓಟವನ್ನು ಹಿಡಿಯಲು ಬರುವುದಿಲ್ಲ. ನಾಯಿಯ ಹಲ್ಲು ತಾಗಿದ ಗಳಿಗೆಗೆ, ಗುಂಡು ಬಿದ್ದ ಗಳಿಗೆಗೆ ಅದು ಇಲ್ಲವಾಗುತ್ತದೆ. ಮುಂದೆ ಬಿದ್ದಿರುವುದು ಬೇರೆಯೇ ಒಂದು ವಸ್ತು. ಬೇಟೆಗಾರ ಅದರ ಹತ್ತಿರ ನಿಂತಾಗ ಅವನ ಮುಖದಲ್ಲಿ ಗೆಲುವಿನ ಜೊತೆಗೇ ಒಂದು ಬಗೆಯ ಖಾಲಿತನ ಕಾಣುತ್ತದೆ. ಈಗಷ್ಟೇ ಇದ್ದದ್ದು ಎಲ್ಲಿ ಹೋಯಿತು ಎಂದು ಹುಡುಕುವವನ ಹಾಗೆ. ಅದಕ್ಕಾಗಿಯೇ ಅವನು ಮತ್ತೆ ಮರುವಾರ ಹೊರಡುತ್ತಿದ್ದ. ಹಸಿವೆ ತೀರುತ್ತಿತ್ತು, ಇದು ತೀರುತ್ತಿರಲಿಲ್ಲ.

ತೀರದ ಈ ಬೇಟೆಯನ್ನು ಮಹಾಭಾರತ ಬಲ್ಲದು. ಪಾಂಡು ಕಾಡಿನಲ್ಲಿ ಕೂಡಿದ್ದ ಜಿಂಕೆ ಜೋಡಿಗೆ ಬಾಣ ಬಿಟ್ಟ. ಗಂಡು ಜಿಂಕೆಯ ರೂಪದಲ್ಲಿದ್ದವನು ಕಿಂದಮ ಮುನಿ. ನೀನೂ ಹೆಂಡತಿಯನ್ನು ಕೂಡಿದ ಗಳಿಗೆಗೆ ಸಾಯುವೆ ಎಂದು ಶಾಪ ಕೊಟ್ಟು ಪ್ರಾಣ ಬಿಟ್ಟ. ಆ ಶಾಪ ಇಲ್ಲದಿದ್ದರೆ ಪಾಂಡುವಿನ ಮಕ್ಕಳಿಗಾಗಿ ಕುಂತಿ ದೇವತೆಗಳನ್ನು ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾವು ಬಲ್ಲ ಪಾಂಡವರು ಹುಟ್ಟುತ್ತಿರಲಿಲ್ಲ. ಒಂದು ಜಿಂಕೆಯ ಸಾವಿನಿಂದ ಐವರು ಬಂದರು. ಶೀಗಿ ಹುಣ್ಣಿಮೆಯ ದಿನ ನಮ್ಮ ಹೊಲಗಳಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜಿಸುವಾಗ ನನಗೆ ಆರನೆಯದಾಗಿ ಆ ಜಿಂಕೆಯ ನೆನಪಾಗುತ್ತದೆ. ಅದಕ್ಕೆ ಕಲ್ಲಿಲ್ಲ.

ಇನ್ನು ಸಿರಸಂಗಿಗೆ ಬಂದರೆ, ಇಲ್ಲಿಯ ಸ್ಥಳಪುರಾಣ ಈ ನೆಲವನ್ನು ಋಷ್ಯಶೃಂಗನ ತಪೋಭೂಮಿ ಎನ್ನುತ್ತದೆ. ಹೆಣ್ಣು ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ, ತಲೆಯ ಮೇಲೆ ಕೊಂಬು ಹೊತ್ತವನು ಋಷ್ಯಶೃಂಗ. ಅವನು ಕಾಲಿಟ್ಟ ಮೇಲೆಯೇ ಬರ ಬಿದ್ದಿದ್ದ ಅಂಗ ದೇಶಕ್ಕೆ ಮಳೆಯಾಯಿತು. ಮುಗಿಲು ನೋಡುತ್ತ ಬದುಕುವ ಬೆಳವಲದ ಅಂಚಿನ ಈ ಸೀಮೆ ಅವನನ್ನೇ ತನ್ನವನೆಂದು ಕರೆದುಕೊಂಡದ್ದರಲ್ಲಿ ಒಂದು ಆಳವಾದ ಆಸೆ ಇದೆ. ಯುಗಾದಿಗೆ ಕಾಳಮ್ಮನ ಜಾತ್ರೆಗೆ ಬರುವ ಜನ ಆ ಆಸೆಯನ್ನು ಪ್ರತಿ ವರ್ಷ ಹೊಸದಾಗಿ ಹೊತ್ತು ತರುತ್ತಾರೆ. ಕೊಂದ ಜಿಂಕೆಯ ಶಾಪವೂ ಹೆತ್ತ ಜಿಂಕೆಯ ಮಳೆಯೂ ಒಂದೇ ನೆಲದ ನೆನಪಿನಲ್ಲಿ ಇಳಿದಿವೆ.

ಇದೇ ಊರಿನ ದೇಸಗತಿಯ ಒಡೆಯರಾಗಿದ್ದವರು ಲಿಂಗರಾಜರು (1861-1906). ದತ್ತಕ ಬಂದು ಪಡೆದ ಆಸ್ತಿ. ಮುಂದೆ ಕೊಡಲು ಮಕ್ಕಳಿರಲಿಲ್ಲ. ತೀರಿಕೊಳ್ಳುವ ಮುಂಚೆ ಮೃತ್ಯುಪತ್ರ ಬರೆದು ಎಲ್ಲವನ್ನೂ ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ ಅವರ ಹೆಸರು ಹೊತ್ತು ಹುಟ್ಟಿತು. ಹಿಡಿದದ್ದು ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದುದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದವರು ಕಡಿಮೆ. ಸಿರಸಂಗಿಯ ವಾಡೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಸಹಿಯ ಮೇಲೆ ಗೌರವ ಉಕ್ಕುತ್ತದೆ.

ಕೈಯಲ್ಲಿ ನಿಲ್ಲದ್ದನ್ನು ಕಲ್ಲಿನಲ್ಲಿ ನಿಲ್ಲಿಸುತ್ತೇವೆ ಎಂದವರೂ ಇದ್ದರು. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನ ಒಂದು ಶಾಸನ ಸಿಕ್ಕಿತು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಪೂಜೆ ಯಾವಾಗಲೋ ನಿಂತಿತು. ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಡುಗಳೇ ಕೈ ಬದಲಿಸಿದ ಯುದ್ಧದ ಬಹುಮಾನವಾಗಿ ನಾಯಿಯನ್ನು ಕೇಳಿದ ಆ ಮನುಷ್ಯ ನನಗೆ ಬಹಳ ಹತ್ತಿರದವನು. ಊರು ಕೇಳಿದ್ದರೆ ಅದು ಬೇಗ ಬೇರೆಯವರ ಪಾಲಾಗುತ್ತಿತ್ತು. ನಾಯಿಯ ಜೊತೆ ಕಳೆದ ಬೆಳಗುಗಳನ್ನು ಯಾರೂ ಕಸಿಯಲಾರರು ಎಂದು ಅವನಿಗೆ ತಿಳಿದಿರಬೇಕು.

ಚಿಗರಿಯ ಕಾಲಿಗೆ ಮರಳುತ್ತೇನೆ. ಗಂಟೆಗೆ 80 ಕಿಲೊಮೀಟರ್‌ ಆಸುಪಾಸಿನ ವೇಗ ಅದರದು. ಈ ಬಯಲಿನಲ್ಲಿ ಅಲ್ಲಲ್ಲಿ ಉಳಿದಿರುವ ತೋಳಕ್ಕೆ ಅಷ್ಟು ಓಟವಿಲ್ಲ; ತೋಳ ಗುಂಪುಗೂಡಿ, ಉಪಾಯದಿಂದ ಹಿಡಿಯುತ್ತದೆ. ಮತ್ತೆ ಚಿಗರಿ ಯಾರಿಗೆ ಹೆದರಿ ಇಷ್ಟು ಓಡುತ್ತದೆ? ಅದು ಸಿವಂಗಿಯ ಜೊತೆ, ಅಂದರೆ ಚೀತಾದ ಜೊತೆ, ಲೆಕ್ಕವಿಲ್ಲದಷ್ಟು ತಲೆಮಾರು ಓಡಿದ ಕಾಲು. ನಮ್ಮ ನೆರೆಯ ಕೊಲ್ಹಾಪುರದ ಅರಸರು ಸಿವಂಗಿಗಳನ್ನು ಪಳಗಿಸಿ, ಕಣ್ಣು ಕಟ್ಟಿ, ಗಾಡಿಯಲ್ಲಿ ಒಯ್ದು ಚಿಗರಿಗಳ ಮೇಲೆ ಬಿಡುತ್ತಿದ್ದರು; ಇಲ್ಲಿಯವು ಸಿಗದಾದಾಗ ಆಫ್ರಿಕದಿಂದ ತರಿಸಿದರು. 1952ರಲ್ಲಿ ಸಿವಂಗಿ ಈ ದೇಶದಿಂದ ಅಳಿಯಿತೆಂದು ಸರಕಾರವೇ ಸಾರಿತು. 2022ರಲ್ಲಿ ನಮೀಬಿಯಾದಿಂದ ಎಂಟು ಬಂದವು, ಮಧ್ಯಪ್ರದೇಶದ ಕುನೊಗೆ. ನಮ್ಮ ಎರಿ ಹೊಲಕ್ಕೆ ಅದು ಬರಲಿಲ್ಲ. ಬೆನ್ನಟ್ಟುವವನು ಹೋದ ಮೇಲೂ ಇಲ್ಲಿ ಓಟ ಉಳಿದಿದೆ. ಅತ್ತ ಮುಧೋಳದ ನಾಯಿಯನ್ನು ನೋಡಿ. ತಿಮ್ಮಾಪುರದ ಕೇಂದ್ರದಲ್ಲಿ ಅದರ ತಳಿ ಕಾಯುತ್ತಾರೆ, 2005ರಲ್ಲಿ ಅದರ ಅಂಚೆ ಚೀಟಿ ಬಂತು, ಸೇನೆಯೂ ಅದನ್ನು ಕೆಲಸಕ್ಕೆ ಕರೆಯಿತು. ಬೆನ್ನಟ್ಟಲು ಹುಟ್ಟಿದ ಮೈಗೆ ಈಗ ಬೇಟೆ ಇಲ್ಲ. ಆದರೂ ಬಯಲು ಕಂಡರೆ ಅದು ನಡುಗುತ್ತದೆ. ಹೋದದ್ದು ಪೂರ್ತಿ ಹೋಗುವುದಿಲ್ಲ, ಉಳಿದದ್ದು ಇದ್ದ ಹಾಗೆ ಉಳಿಯುವುದಿಲ್ಲ. ಕಾಲು, ಎದೆಗೂಡು, ಒಂದು ನಡುಕ, ಹೀಗೆ ಏನೋ ಒಂದಾಗಿ ಅದು ಮುಂದಿನವರ ಮೈಗೆ ದಾಟುತ್ತದೆ.

ಶಿಕಾರಿ ನಿಂತದ್ದು ಒಳ್ಳೆಯದಾಯಿತು. ಇದರಲ್ಲಿ ನನಗೆ ಅನುಮಾನವಿಲ್ಲ. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1951ರಲ್ಲಿ, ಕಾಡುಪ್ರಾಣಿಗಳ ರಕ್ಷಣೆಗೆ ಒಂದು ಕಾಯ್ದೆ ಬಂದಿತ್ತು. 1972ರ ವನ್ಯಜೀವಿ ಕಾಯ್ದೆ ಚಿಗರಿಗೆ ಗಟ್ಟಿ ಕಾವಲು ಕೊಟ್ಟಿತು. 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿಲೊಮೀಟರ್‌ ನೆಲ ಅದರ ಅಭಯಾರಣ್ಯವಾಯಿತು. ಆದರೆ ಅಲ್ಲಿಯೇ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. ಚಿಗರಿ ಉಳಿಯಿತು, ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಹೋಯಿತು. ನಮ್ಮ ಕಡೆ ಅದೇ ಕಾಲಕ್ಕೆ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ನಿಂತು, ಕಾಲುವೆ ಹರಿದು, ಎಷ್ಟೋ ಒಣ ಹೊಲ ಹಸಿರಾದವು. ನೀರು ಬೇಡ ಎನ್ನುವ ಒಕ್ಕಲಿಗನಿಲ್ಲ, ನಾನೂ ಅನ್ನುವುದಿಲ್ಲ. ಆದರೂ ಆಳೆತ್ತರದ ಕಬ್ಬಿನಲ್ಲಿ ಚಿಗರಿ ಓಡಲಾರದು. ಹುಬ್ಬಳ್ಳಿ–ಧಾರವಾಡದ ನಡುವಿನ ಹವಾನಿಯಂತ್ರಿತ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿದ್ದಾರೆ. ಬಸ್ಸಿನ ಚಿಗರಿಯನ್ನು ದಿನಾ ಹತ್ತಿ ಇಳಿಯುವ ಮಕ್ಕಳಿಗೆ ಹೊಲದ ಚಿಗರಿ ಒಮ್ಮೆಯಾದರೂ ಕಾಣಬೇಕು. ಇದು ನನ್ನ ಮನಸ್ಸಿನ ದೊಡ್ಡ ಆಸೆ.

ಬೇಟೆ ಹೋದರೂ ಬೇಟೆಯ ದಿನ ಹೋಗಲಿಲ್ಲ. ಎಳ್ಳ ಅಮಾವಾಸ್ಯೆಗೆ ಇಡೀ ಮನೆ ಹೊಲಕ್ಕೆ ಹೊರಡುತ್ತದೆ. ಬಂಡಿಯೋ ಟ್ರ್ಯಾಕ್ಟರೋ, ಅತ್ತೆ ಸೊಸೆಯರು, ಬೀಗರು, ಹೊಲವಿಲ್ಲದ ಓಣಿಯವರು, ಊರಿಗೆ ಬಂದ ಗೆಳೆಯರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಕಡಬು. ಉಣ್ಣುವ ಮೊದಲು ಹೊಲದ ತುಂಬ ನಡೆದು ಭೂಮಿತಾಯಿಗೆ ಚರಗ ಚೆಲ್ಲಬೇಕು. ಹಿಂದೆ ಇದೇ ಬಯಲಿನಿಂದ ಒಂದು ಜೀವ ಹೊತ್ತು ಬರುತ್ತಿದ್ದ ಜನ ಈಗ ಬಯಲಿಗೆ ಅನ್ನ ಹೊತ್ತು ಹೋಗುತ್ತಾರೆ. ಬುತ್ತಿ ಅದೇ, ಬಿಸಿಲು ಅದೇ, ನಗೆಚಾಟಿಕೆ ಅದೇ. ಬಾಳೆ ಎಲೆಯ ಸುತ್ತ ಕೂತವರು ಮಾತ್ರ ಪ್ರತಿ ವರ್ಷ ಅವರೇ ಅಲ್ಲ. ಒಬ್ಬ ಅಜ್ಜ ಕಡಿಮೆಯಾಗಿರುತ್ತಾನೆ, ಒಂದು ಕೂಸು ಹೆಚ್ಚಾಗಿರುತ್ತದೆ; ಸೊಸೆಯಾಗಿದ್ದವಳು ಅತ್ತೆಯಾಗಿ ಬಡಿಸುತ್ತಾಳೆ.

ಕಡಲೆ ಹೂವು ಕಾಯಿ ಹಿಡಿಯುವ ಆ ದಿನಗಳಲ್ಲೇ ಚಿಗರಿ ಹಿಂಡು ಬರುವುದು. ರೈತನ ನಷ್ಟ ನಿಜವಾದದ್ದು. ಒಂದು ರಾತ್ರಿಗೆ ನಾಲ್ಕು ಸಾಲು ಮೇಯ್ದು ಹೋದರೆ ಅವನ ಹೊಟ್ಟೆ ಉರಿಯುತ್ತದೆ. ಅವನು ಹೆಂಟೆ ಎತ್ತಿ ಒಗೆಯುತ್ತಾನೆ, ಬಾಯಿ ತುಂಬ ಬೈಯುತ್ತಾನೆ. ಹಿಂಡು ಒಂದರ ಹಿಂದೊಂದು ಜಿಗಿಯುತ್ತ ಬದುವು ದಾಟುವಾಗ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತ ಎಣಿಸುತ್ತಾನೆ. ಮನೆಗೆ ಬಂದು ಹೆಂಡತಿಯ ಮುಂದೆ ಕಡಲೆ ಹೋಯಿತೆಂದು ದೂರುತ್ತಾನೆ. ಕೈ ತೊಳೆದುಕೊಂಡು ಊಟಕ್ಕೆ ಕೂತ ಮೇಲೆ ಇನ್ನೊಂದು ದೂರು: “ಈ ಸಲ ಮರಿ ಎರಡ ಅದಾವ ನೋಡು.”